ನಮ್ಮ ಕಡೆಯ ರಾಕ್ಷಸ

ಲೋಕದ ಅನ್ಯಾಯಗಳನ್ನು ಮನೆಮಂದಿಗೆ ತಿಳಿಸಿ ಹೇಳುವ ಚಟ ನನಗಿದೆ. ತಾವಾಗಿ ಕೇಳುವವರು ಯಾರೂ ಇಲ್ಲ. ಆದ್ದರಿಂದ ಊಟಕ್ಕೆ ಕೂತವರನ್ನೋ ಬಟ್ಟೆ ಮಡಚುತ್ತಿರುವವರನ್ನೋ, ಅಂದರೆ ಸುಲಭವಾಗಿ ಎದ್ದು ಹೋಗಲಾರದವರನ್ನು ಹಿಡಿಯುತ್ತೇನೆ. ಈಚೆಗೆ ನನಗೆ ಸಿಕ್ಕ ವಿಷಯ ಮಕ್ಕಳ ಕಾರ್ಟೂನ್ ಸಿನಿಮಾ. ಮೊದಲೆಲ್ಲ ಅವುಗಳಲ್ಲಿ ರಾಜಕುಮಾರಿ ಎಂದರೆ ಹಾಲಿನಲ್ಲಿ ಅದ್ದಿ ತೆಗೆದ ಬಣ್ಣ, ಗೋವಿನಜೋಳದ ಜುಟ್ಟಿನಂಥ ಕೂದಲು. ಈಗ ಕಪ್ಪು ಹುಡುಗಿ, ದಪ್ಪ ಕನ್ನಡಕದ ಹುಡುಗಿ, ಗಾಲಿಕುರ್ಚಿಯಲ್ಲಿ ಕೂತೇ ಮಾಯಾದಂಡ ಬೀಸುವ ಹುಡುಗ, ಎಲ್ಲರಿಗೂ ಜಾಗ ಸಿಕ್ಕಿದೆ. ನನಗೆ ಅದರಿಂದ ಬಹಳ ಸಮಾಧಾನವಾಗಿತ್ತು.

ನನ್ನ ಮಗಳು ಪ್ರಾಚಿಗೆ ಒಂಬತ್ತು ವರ್ಷ. ಮಹಾರಾಷ್ಟ್ರದಲ್ಲಿರುವ ನಮ್ಮ ಮಿರಜಿನ ಎಷ್ಟೋ ಮಕ್ಕಳ ಹಾಗೆ ಅವಳಿಗೂ ಕನ್ನಡ ಪೂರ್ತಿ ತಿಳಿಯುತ್ತದೆ, ಬಾಯಿ ತೆರೆದರೆ ಮಾತ್ರ ಮರಾಠಿ. ಕನ್ನಡದಲ್ಲಿ ಬೈದರೂ ಮರಾಠಿಯಲ್ಲೇ ಅಳುತ್ತಾಳೆ. ಇದರಿಂದ ನೊಂದವರು ಸಮಡೋಳಿ ಹಳ್ಳಿಯಿಂದ ಬಂದು ನಮ್ಮ ಜೊತೆಗಿರುವ ನನ್ನ ಅತ್ತೆ. ಮೊಮ್ಮಗಳು ತಮ್ಮೊಂದಿಗೆ ಪೋಸ್ಟ್ ಆಫೀಸಿನವರ ಹಾಗೆ ಮರಾಠಿಯಲ್ಲಿ ಮಾತಾಡುತ್ತಾಳೆ ಎಂದು ಅವರ ದುಃಖ.

ಒಂದು ರವಿವಾರ ಇಂಥದೇ ಒಂದು ಸಿನಿಮಾ ಕನ್ನಡದಲ್ಲಿ ಸಿಕ್ಕಿತು. ಪ್ರಾಚಿ ಮುಖ ಊದಿಸಿಕೊಂಡರೂ ಬಿಡದೆ ಹಚ್ಚಿದೆ. ಬಣ್ಣಬಣ್ಣದ ಮೈಯ, ರೆಕ್ಕೆಯ ಪರಿಗಳು ಬಂದರು. ಒಬ್ಬೊಬ್ಬಳನ್ನೂ ತೋರಿಸಿ, ಇವಳು ಯಾಕೆ ಮುಖ್ಯ ಎಂದು ಅತ್ತೆಗೆ ವಿವರಿಸಿದೆ. ಪರಿಗಳೆಲ್ಲ ವಾರ್ತೆ ಓದುವವರ ಕನ್ನಡದಲ್ಲಿ ಮಾತಾಡುತ್ತಿದ್ದರು. ಅತ್ತೆ ಗೋಡೆಗೆ ಒರಗಿ ಮರ್ಯಾದೆಗೆ ಕೇಳುತ್ತಿದ್ದರು. ಅಷ್ಟರಲ್ಲಿ ಕೆಸರಿನಿಂದ ಒಂಟಿಹಲ್ಲಿನ ರಾಕ್ಷಸ ಎದ್ದ.

"ಯಾಂವಲೇ ನನ್ನ ಕೆರಿಯಾಗ ಕಾಲಿಟ್ಟಾಂವ? ಎಲಬ ಮುರದು ಸಾರ ಮಾಡತೇನಿ."

ಅತ್ತೆ ನೆಟ್ಟಗೆ ಕೂತರು. "ಇಂವ ನಮ್ಮ ಕಡಿಯಾಂವ ಅದಾನ ನೋಡವಾ," ಎಂದರು.

ನನಗೆ ಮೈಯೆಲ್ಲ ಉರಿಯಿತು. ಎಲ್ಲ ಬಣ್ಣಕ್ಕೂ ಮರ್ಯಾದೆ ಕೊಟ್ಟವರು ನಮ್ಮ ಮಾತನ್ನು ಮಾತ್ರ ರಾಕ್ಷಸನ ಬಾಯಿಗೆ ತುರುಕಿದ್ದರು. ಭಾಷಣ ಶುರುಮಾಡಿದೆ. ಅತ್ತೆ ಸುಮ್ಮನಿರು ಎಂದು ಕೈ ಮಾಡಿದರು. ಅವರಾಗಲೇ ರಾಕ್ಷಸನ ಪಕ್ಷ ಸೇರಿದ್ದರು. ಕೊನೆಗೆ ಅವನು ಒಳ್ಳೆಯವನಾಗಿ ಪರಿಗಳ ರಾಜ್ಯ ಉಳಿಸಿದ. ದೊಡ್ಡ ಔತಣ ನಡೆಯಿತು. ಅವನೊಬ್ಬನೇ ತನ್ನ ಕೆಸರಿಗೆ ಮರಳಿದ. ಇಷ್ಟು ದುಡಿದವನಿಗೆ ಉಂಡು ಹೋಗು ಎಂದು ಒಬ್ಬರಾದರೂ ಅನ್ನಬೇಕಿತ್ತು ಎಂದು ಅತ್ತೆ ಸಂಜೆಯವರೆಗೆ ಗೊಣಗಿದರು.

ಮರುದಿನ ಕೆಲಸ ಮುಗಿಸಿ ಬಂದಾಗ ಪ್ರಾಚಿ ಚಾದರ ಹೊದ್ದು ಮಂಚದ ಮೇಲೆ ನಿಂತಿದ್ದಳು. ಅಜ್ಜಿಯ ಕಡೆ ಬೆರಳು ಮಾಡಿ, "ಏ ಮುದುಕಿ, ನಿನ್ನ ಎಲಬ ಮುರದು ಸಾರ ಮಾಡತೇನಿ," ಎಂದು ಗರ್ಜಿಸಿದಳು.

ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ. ಮೊದಲೇ ನಮ್ಮದು ಉಳ್ಳಾಗಡ್ಡಿಯೂ ಒಳಗೆ ಬಾರದ ಜೈನರ ಮನೆ. ಅತ್ತೆಗೆ ಸಿಟ್ಟು ಬರಲಿಲ್ಲ. ಕಣ್ಣು ಒರೆಸಿಕೊಂಡು, "ಎಲಬ ಬ್ಯಾಡ ನನ್ನ ಕೂಸ. ಹೀರಿಕಾಯಿ ಅನ್ನು," ಎಂದರು.

ಅಂದಿನಿಂದ ರಾಕ್ಷಸ ಸಸ್ಯಾಹಾರಿಯಾದ. ಜಡೆ ಹಾಕಿಸಿಕೊಳ್ಳುವುದಕ್ಕೂ ಚಪಾತಿಗೆ ತುಪ್ಪ ಕೇಳುವುದಕ್ಕೂ ಅವನೇ ಬರುತ್ತಾನೆ, ಕನ್ನಡದಲ್ಲೇ ಹೆದರಿಸುತ್ತಾನೆ. ಮಗು ನಮ್ಮ ಭಾಷೆಯನ್ನು ರಾಕ್ಷಸನ ಭಾಷೆ ಎಂದು ತಿಳಿದರೆ ಹೇಗೆ ಎಂದು ಅತ್ತೆಯನ್ನು ಕೇಳಿದೆ. ಯಾರ ಬಾಯಿಂದ ಬಂದರೇನು, ಬಂತಲ್ಲ ಎಂದರು.

ಅವರಿಬ್ಬರ ಆಟ ನೋಡಿ ನೋಡಿ ನನಗೂ ಆಸೆಯಾಯಿತು. ಒಂದು ಸಂಜೆ, ಇವತ್ತು ನಾನೇ ರಾಕ್ಷಸ ಎಂದು ಚಾದರ ಹೊದ್ದು, ಹಲ್ಲು ಕಡಿದು ಗರ್ಜಿಸಿದೆ. ಅಜ್ಜಿ ಮೊಮ್ಮಗಳು ಮುಖ ಮುಖ ನೋಡಿಕೊಂಡರು. ಪ್ರಾಚಿ ಮೆಲ್ಲಗೆ ಚಾದರ ಬಿಡಿಸಿಕೊಂಡಳು.

"ಬಿಡ ಮಮ್ಮಿ, ನಿನಗ ಬರೂದಿಲ್ಲ. ನೀ ಬರೇ ಶಾಣ್ಯಾತನ ಮಾಡತಿ."

ನನ್ನನ್ನು ಅತಿ ಬುದ್ಧಿವಂತೆ ಎಂದ ಈ ಮಾತು ಸಿನಿಮಾದಲ್ಲಿ ಇರಲಿಲ್ಲ. ಅವಳು ಸ್ವಂತ ಕಟ್ಟಿದ್ದು, ಒಂದು ತಪ್ಪೂ ಇಲ್ಲ. ಹಿಗ್ಗಬೇಕೋ ಕುಗ್ಗಬೇಕೋ ತಿಳಿಯದೆ ಅವಳು ಕೊಟ್ಟ ಪರಿಯ ಪಾತ್ರವನ್ನೇ ಒಪ್ಪಿಕೊಂಡೆ. ಬಾಗಿಲ ಹತ್ತಿರ ನಿಂತು ಹೆದರಬೇಕು, ಅಷ್ಟೇ. ಮಾತಿಲ್ಲ.