ಇವತ್ತು ಭಾರ ಎತ್ತಬೇಡಿ

ಗಲ್ಫಿನ ಬೌಷರ್‌ನಲ್ಲಿ ನಮ್ಮ ಕೆಳಗಿನ ಫ್ಲ್ಯಾಟಿನ ಮಂಗಳೂರು ಕಡೆಯ ಅಂಕಲ್‌ಗೆ ಒಂದು ಅಭ್ಯಾಸ ಇದೆ. ರಕ್ತ ಕೊಟ್ಟ ಮೇಲೆ ಕೈಗೆ ಅಂಟಿಸುವ ಪಟ್ಟಿಯನ್ನು ಅವರು ಮೂರು ದಿನ ತೆಗೆಯುವುದಿಲ್ಲ. ಅದು ಕಾಣುವಂತೆ ಅಂಗಿಯ ಎಡತೋಳನ್ನಷ್ಟೇ ಮೇಲಕ್ಕೆ ಮಡಚಿಕೊಂಡು ಓಡಾಡುತ್ತಾರೆ. ಲಿಫ್ಟಿನಲ್ಲಿ ಯಾರೂ "ಏನಾಯ್ತು?" ಅಂತ ಕೇಳದಿದ್ದರೆ ಆ ಕೈಯಿಂದಲೇ ಬಟನ್ ಒತ್ತಿ "ಅಯ್ಯಮ್ಮ" ಅನ್ನುತ್ತಾರೆ.

ಅಂಕಲ್ ಒಂದು ಕಟ್ಟಡ ಕಂಪನಿಯಲ್ಲಿ ಸೈಟ್ ಮ್ಯಾನೇಜರ್. ನಾವು ಕನ್ನಡದವರು ಶುಕ್ರವಾರ ರಕ್ತದಾನ ಶಿಬಿರ ಇಟ್ಟಾಗಲೆಲ್ಲ ತಮ್ಮ ಕೆಲಸಗಾರರನ್ನು ಬಸ್ಸಿನಲ್ಲಿ ಕರೆತರುತ್ತಾರೆ. ನನ್ನದು ಜ್ಯೂಸ್ ಮೇಜು. ಜೋರಾಗಿ ಮಾತಾಡಲು ಬಾರದವಳಿಗೆ ಇದೇ ಸರಿ ಅಂತ ಅಮ್ಮ ತೀರ್ಮಾನಿಸಿದ್ದು. ರಕ್ತ ಕೊಟ್ಟವರನ್ನು ಹದಿನೈದು ನಿಮಿಷ ಕೂರಿಸಿ, ಜ್ಯೂಸ್ ಕೊಟ್ಟು, ಆಮೇಲೆ ಏನು ಮಾಡಬೇಕು, ಏನು ಮಾಡಬಾರದು ಅನ್ನುವ ಚೀಟಿ ಓದಿ ಹೇಳಬೇಕು. ಚೀಟಿ ಇರುವುದು ಅರಬ್ಬಿ ಮತ್ತು ಇಂಗ್ಲಿಷಿನಲ್ಲಿ. ನನ್ನ ಕನ್ನಡ ಅಮ್ಮನ ಅಡುಗೆಮನೆಯಲ್ಲಿ ಕಲಿತದ್ದು. ಹಾಗಾಗಿ ಆ ಮೇಜಿನ ಮುಂದೆ ಏನಾದರೊಂದು ನಡೆಯುತ್ತಲೇ ಇರುತ್ತದೆ.

೧. ದ್ರವ

ನನ್ನ ಮೊದಲ ಶಿಬಿರ. "ಇವತ್ತೆಲ್ಲ ದ್ರವ ಪದಾರ್ಥ ಜಾಸ್ತಿ ತಗೊಳ್ಳಿ" ಅಂದೆ. ಆ ಪದವನ್ನು ಫೋನಿನಲ್ಲಿ ಹುಡುಕಿ ಬಾಯಿಪಾಠ ಮಾಡಿದ್ದೆ.

ಎದುರಿಗೆ ಕೂತಿದ್ದ, ಅಂಕಲ್ ಸೈಟಿನಲ್ಲಿ ಗೋಡೆ ಕಟ್ಟುವ ಕೊಪ್ಪಳದ ಗೌಂಡಿ ಅಕ್ಕಪಕ್ಕ ನೋಡಿದರು. ದನಿ ತಗ್ಗಿಸಿ, "ದ್ರವ ಅಂದ್ರ ಅದಾ ಏನ್ರಿ ಅಕ್ಕಾರ? ಅದಕ್ಕಿಲ್ಲಿ ಪರ್ಮಿಟ್ ಬೇಕಲ್ರಿ!" ಅಂದರು.

ನನ್ನ ಕಿವಿ ಬಿಸಿಯಾಯಿತು. "ಅಯ್ಯೋ, ಅದು ಬೇಡ. ಅದು ಇವತ್ತು ಕುಡೀಲೇಬಾರದು. ನೀರು, ನೀರು."

"ನೀರು ಅಂತ ಅನ್ರಿ ಮತ್ತ. ಸುಮ್ನ ಆಸೆ ಹಚ್ಚಿದ್ರಿ."

೨. ಕಾಲು ಮೇಲೆ

ಅವರ ಪಕ್ಕದಲ್ಲಿ ಅವರ ರೂಮಿನವರು, ಅದೇ ಊರಿನವರು, ಇಬ್ಬರು ಮಕ್ಕಳ ತಂದೆ. "ತಲೆ ತಿರುಗಿದರೆ ತಕ್ಷಣ ಮಲಗಿ, ಕಾಲು ಎತ್ತರದಲ್ಲಿಡಿ" ಅಂತ ಅವರಿಗೆ ಓದಿ ಹೇಳಿದೆ.

"ಎಲ್ಲಿ ಮಲಗೂದ್ರಿ? ಸ್ಕ್ಯಾಫೋಲ್ಡಿಂಗ್ ಮ್ಯಾಲೆ ಹಲಗಿ ಇಷ್ಟ ಅಗಲ ಇರತದ" ಅಂತ ಗೇಣು ತೋರಿಸಿದರು.

"ಇವತ್ತು ಶುಕ್ರವಾರ ಅಲ್ವಾ? ರಜೆ?"

"ರಜಾ ನಿಮಗ. ನಮಗ ಮಧ್ಯಾಹ್ನ ಓವರ್‌ಟೈಮ್." ಸ್ವಲ್ಪ ಯೋಚಿಸಿ, "ಚಿಂತಿ ಮಾಡಬ್ಯಾಡ್ರಿ ಅಕ್ಕಾರ. ಅಲ್ಲಿಂದ ಬಿದ್ರ ಕಾಲು ತಾವ ಮ್ಯಾಲಾಗತಾವ" ಅಂದರು.

ಮೇಜಿನ ಸುತ್ತ ಕೂತವರೆಲ್ಲ ನಕ್ಕರು. ನಾನೂ ನಕ್ಕೆ.

೩. ದಾಳಿಂಬೆ

ಅದೇ ದಿನ ಅಂಕಲ್ ಎಸಿಯ ಕೆಳಗೆ ಎರಡು ಕುರ್ಚಿ ಜೋಡಿಸಿಕೊಂಡು ಒರಗಿದ್ದರು. ಒಂದು ಕುರ್ಚಿ ಅವರಿಗೆ, ಒಂದು ಕಾಲಿಗೆ. ಆಂಟಿ ಮನೆಯಿಂದ ದಾಳಿಂಬೆ ಬಿಡಿಸಿ ತಂದಿದ್ದರು. ಅಂಕಲ್‌ಗೆ ಫೋನ್ ಬಂತು. ಆಂಟಿಯೇ ಅದನ್ನು ಅವರ ಕಿವಿಗೆ ಹಿಡಿದರು.

"ಎಂತ ಮಾಡುವುದು ಮಾರಾಯ್ತಿ, ಭಾರ ಎತ್ತಬಾರದು ಅಂತ ಚೀಟಿಯಲ್ಲೇ ಉಂಟು" ಅಂತ ಅಂಕಲ್ ನನಗೆ ಹೇಳಿದರು.

ಆಂಟಿ ನನ್ನ ಕಡೆ ಬಾಗಿದರು. "ನಾನು ಎರಡು ಹೆತ್ತವಳು. ಹೆತ್ತ ವಾರಕ್ಕೇ ಇವರಿಗೆ ನೀರುದೋಸೆ ಹೊಯ್ದು ಹಾಕಿದ್ದೇನೆ. ನನಗೆ ಯಾರೂ ಚೀಟಿ ಕೊಡಲಿಲ್ಲ ನೋಡು."

೪. ಹೊಟ್ಟೆ ಸೀಳಿದ ಅಕ್ಷರ

ಆ ಮಧ್ಯಾಹ್ನವೇ ಗೌಂಡಿಯ ರೂಮಿನವರು ಸೈಟಿನಲ್ಲಿ ತಲೆ ತಿರುಗಿ ಮೇಲಿನಿಂದ ಬಿದ್ದರು. ಸೊಂಟ ಮುರಿಯಿತು. ನಾಲ್ಕು ತಿಂಗಳಾಯಿತು, ಇನ್ನೂ ಆಸ್ಪತ್ರೆಯಲ್ಲೇ ಇದ್ದಾರೆ. ಮೊನ್ನೆ ಶುಕ್ರವಾರದ ಶಿಬಿರ ಅವರ ಮೂರನೇ ಆಪರೇಷನ್ನಿಗೆ.

ಗೌಂಡಿ ರಕ್ತ ಕೊಟ್ಟು ಬಂದು ನನ್ನೆದುರು ಕೂತರು. ಅಂದು ನಕ್ಕಿದ್ದು ನೆನಪಾಗಿ ನಾನು ತಲೆ ಎತ್ತಲಿಲ್ಲ.

"ಹೋದ ಸಲ ಅಂವ ಕೊಟ್ಟದ್ದನ್ನ ಅವಗ ತಿರುಗಿ ಹಾಕಾಕ ಬರೂದಿಲ್ಲೇನ್ರಿ?" ಅಂತ ಕೇಳಿದರು. "ಅವನದ ಐತಲ್ರಿ."

ನಾನು ಚೀಟಿಯ ಮೊದಲ ಸಾಲಿನ ಮೇಲೆ ಬೆರಳಿಟ್ಟೆ. "ನೀರು ಜಾಸ್ತಿ ಕುಡೀರಿ" ಅಂದೆ.

"ಕಲತ್ರಿ ನೋಡ್ರಿ."

"ಇವತ್ತು ಭಾರ ಎತ್ತಬೇಡಿ."

ಅವರು ಜ್ಯೂಸ್ ಕೆಳಗಿಟ್ಟರು. "ಇದನ್ನ ಕನ್ನಡದಾಗ ಬರದ ಕೊಡ್ರಿ ಅಕ್ಕಾರ, ಇಂಗ್ಲಿಷ್ ನನಗ ಓದಾಕ ಬರೂದಿಲ್ಲ. ಬಸ್ಸು ಇಲ್ಲಿಂದ ನೆಟ್ಟಗ ಸೈಟಿಗೆ ಹೊಂಟದ. ಸಿಮೆಂಟ್ ಚೀಲ ಏರಸೂದೈತಿ. ಬಾಯಿಲೆ ಹೇಳಿದ್ರ ನೆಪ ಅಂತಾರ." ಗದ್ದ ಎತ್ತಿ ಅಂಕಲ್ ಕಡೆ ತೋರಿಸಿದರು. ಅಂಕಲ್ ಆಗಲೇ ಎರಡು ಕುರ್ಚಿ ಹಿಡಿದಿದ್ದರು.

ನಾನು ಕನ್ನಡ ಬರೆದು ಎಷ್ಟು ವರ್ಷವಾಯಿತೋ. ಚೀಟಿಯ ಹಿಂದೆ ಒಂದೊಂದೇ ಅಕ್ಷರ ಇಟ್ಟೆ. ಗೌಂಡಿ ತಲೆಕೆಳಗಾಗಿಯೇ ಓದಿ ಹಣೆ ಚಚ್ಚಿಕೊಂಡರು.

"ಬಾರ ಎತ್ತಬೇಡಿ! ಮತ್ತ ಬಾರಿಗೇ ಬಂದ್ರಲ್ರಿ ಅಕ್ಕಾರ! ಆ ಬ ಅಕ್ಷರದ ಹೊಟ್ಟಿ ಸೀಳ್ರಿ, ಹೊಟ್ಟಿ!"

ಸೀಳಿದೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ಡ್ರೈವರ್ "ಯಲ್ಲಾ, ಯಲ್ಲಾ" ಅಂತ ಹೊರಡಲು ಅವಸರಪಡಿಸಿ ಕೂಗಿದ. ಎಲ್ಲರೂ ಎದ್ದರು. ಗೌಂಡಿ ಎದ್ದವರು ಮೇಜು ಹಿಡಿದುಕೊಂಡರು, ಕಣ್ಣು ಮುಚ್ಚಿ ಒಂದು ಗಳಿಗೆ ಹಾಗೇ ನಿಂತರು.

ನಾನು ಚೀಟಿ ತೆಗೆದುಕೊಂಡು ಅಂಕಲ್ ಹತ್ತಿರ ಹೋದೆ.

"ಅಂಕಲ್, ಇವರನ್ನ ಇವತ್ತು ಕೆಲಸಕ್ಕೆ ಕಳಿಸಬೇಡಿ."

ಅಂಕಲ್ ಚೀಟಿ ಓದಿದರು. ಆಮೇಲೆ ಅಂಗಿಯ ಮಡಚಿದ ಎಡತೋಳನ್ನು ನಿಧಾನವಾಗಿ ಪಟ್ಟಿಯ ಮೇಲೆ ಇಳಿಸಿ, ಗುಂಡಿ ಹಾಕಿಕೊಂಡರು. ಆಂಟಿ ದಾಳಿಂಬೆಯ ಡಬ್ಬಿ ಮುಚ್ಚಿದರು. ನನ್ನ ದನಿಯೇ ಸಣ್ಣದು, ಕೇಳಿಸಲಿಲ್ಲವೇನೋ ಅಂದುಕೊಂಡು ಇನ್ನೊಮ್ಮೆ ಜೋರಾಗಿ ಹೇಳಿದೆ.

"ಇವತ್ತೊಂದು ದಿನ, ಅಂಕಲ್."