ಕಂಬದ ಮೇಲಿನ ಫೋಟೋಗ್ರಾಫರ್

ಪೊಲೀಸರನ್ನು ಕಂಡರೆ ನನಗೆ ಮೊದಲಿನಿಂದಲೂ ಭಯ. ತಪ್ಪು ಮಾಡಿರಬೇಕೆಂದೇನೂ ಇಲ್ಲ. ಖಾಕಿ ಬಟ್ಟೆ ಒಣಹಾಕಿದ ಮನೆಯ ಮುಂದೆಯೂ ನಾನು ಸ್ವಲ್ಪ ತಲೆ ತಗ್ಗಿಸಿಯೇ ನಡೆಯುತ್ತೇನೆ. ಮಸ್ಕತ್ತಿನಲ್ಲಿ ಏಸಿ ರಿಪೇರಿ ಕೆಲಸಕ್ಕೆ ಸೇರಿದ ಮೇಲೆ ಈ ಕಾಯಿಲೆ ಇನ್ನೂ ಬಲಿತಿದೆ. ಗಾಡಿಯ ದಂಡ ಬಾಕಿ ಇಟ್ಟವನು ಊರಿಗೆ ಹೊರಟರೆ ಪಾಸ್‌ಪೋರ್ಟ್ ನೋಡುವ ಗಾಜಿನ ಗೂಡಿನ ಮುಂದೆಯೇ ಅವನ ಪ್ರಯಾಣ ಮುಗಿಯಿತು ಎಂದು ನಮ್ಮ ಕ್ಯಾಂಪಿನಲ್ಲಿ ಎಲ್ಲರ ನಂಬಿಕೆ. ಅದಕ್ಕೇ ಅಲ್ಲಿ ನಾನು ನಡೆದುಕೊಂಡು ರಸ್ತೆ ದಾಟುವಾಗಲೂ ಇಂಡಿಕೇಟರ್ ಹಾಕುವವನಂತೆ ಕೈ ಚಾಚುತ್ತೇನೆ.

ಈ ಸಲ ರಜೆ ಮುಗಿದು ಹೊರಡುವ ದಿನ. ಸಂಜೆ ವಿಮಾನ. ಮರುದಿನ ಡ್ಯೂಟಿಗೆ ಬಾರದವನು ಮತ್ತೆಂದೂ ಬರುವುದು ಬೇಡ ಎಂದು ಕಂಪನಿಯವರು ಹೇಳಿಬಿಟ್ಟಿದ್ದರು. ಬೆಳಿಗ್ಗೆ ನನ್ನ ಹೆಂಡತಿ ಶಶಿಕಲಾ, "ರೀ, ಮಿಲ್ಲಲ್ಲಿ ಹುಳಿಪುಡಿಗೆ ಕೊಟ್ಟಿದೀನಿ, ಇಸ್ಕೊಂಡ್ ಬಂದ್ಬಿಡಿ" ಎಂದಳು. ಮನೆಯ ಸ್ಕೂಟರ್ ತೆಗೆದೆ. ಅದು ಇರುವುದು ನನ್ನ ಹೆಸರಿನಲ್ಲಿ. ನಾನು ದೇಶದಲ್ಲಿ ಇಲ್ಲದಾಗ ಓಡಿಸುವುದು ಕೆಂಪಾಪುರದ ನಮ್ಮ ಮಾವ.

ಹೆಬ್ಬಾಳ ಫ್ಲೈಓವರಿನ ಕೆಳಗೆ ಒಬ್ಬ ಕಾನ್‌ಸ್ಟೇಬಲ್ ಕೈ ಅಡ್ಡ ಹಿಡಿದರು. ಕೈಯಲ್ಲಿದ್ದ ಪುಟ್ಟ ಯಂತ್ರಕ್ಕೆ ಗಾಡಿಯ ನಂಬರ್ ಒತ್ತಿ, ಒಮ್ಮೆ ಯಂತ್ರವನ್ನೂ ಒಮ್ಮೆ ನನ್ನನ್ನೂ ನೋಡಿದರು. "ಸರ್, ಸ್ವಲ್ಪ ಸ್ಟೇಷನ್‌ಗೆ ಬರ್ಬೇಕಾಗತ್ತೆ" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಆ 'ಸರ್' ಕೇಳಿ ತೆಪ್ಪಗೆ ಗಾಡಿ ತಿರುಗಿಸಿದೆ.

ಸ್ಟೇಷನ್ನಿನಲ್ಲಿ ಸಬ್ ಇನ್‌ಸ್ಪೆಕ್ಟರ್ ಮೇಡಂ ಒಬ್ಬರಿದ್ದರು. ಅವರು ಬಾಯಿ ತೆರೆಯುವ ಮೊದಲೇ ನಾನು ಹೆಲ್ಮೆಟ್ಟನ್ನು ಬೆಂಚಿನ ಮೇಲಿಟ್ಟು, ಹೊರಡುವ ದಿನವೆಂದು ಬೆಳಿಗ್ಗೆಯೇ ಜೇಬಿಗಿಳಿಸಿದ್ದ ಪಾಸ್‌ಪೋರ್ಟನ್ನು ಮೇಜಿನ ಮೇಲಿಟ್ಟೆ. "ಮೇಡಂ, ಸಂಜೆ ಫ್ಲೈಟು. ಏರ್‌ಪೋರ್ಟಲ್ಲಿ ಹಿಡಿಸ್ಬೇಡಿ, ಕೆಲಸ ಹೋಗ್ಬಿಡತ್ತೆ" ಎಂದೆ. ಧ್ವನಿ ನನ್ನದೇ ಎಂದು ನನಗೇ ಅನ್ನಿಸಲಿಲ್ಲ.

"ಪಾಸ್‌ಪೋರ್ಟ್ ಯಾರ್ ಕೇಳಿದ್ರು ಸರ್? ಒಳಗಿಟ್ಕೊಳ್ಳಿ. ಕೂತ್ಕೊಂಡು ನೀರ್ ಕುಡೀರಿ. ಇದು ನಿಮ್ ಗಾಡಿನೇನಾ ನೋಡಿ" ಎಂದು ಕಂಪ್ಯೂಟರ್ ಪರದೆಯನ್ನು ನನ್ನತ್ತ ತಿರುಗಿಸಿದರು.

ಮೇಲೊಬ್ಬ ಎಲ್ಲವನ್ನೂ ನೋಡುತ್ತಿರುತ್ತಾನೆ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಅವನು ಸಿಗ್ನಲ್ ಕಂಬದ ಮೇಲೆ ಇರುತ್ತಾನೆಂದು ಅವಳಿಗೂ ಗೊತ್ತಿರಲಿಲ್ಲ. ಪರದೆಯ ತುಂಬ ನಮ್ಮ ಮಾವ! ಬಿಳಿ ಶರ್ಟಿನ ಗುಂಡಿ ಎಣಿಸುವಷ್ಟು ಸ್ಪಷ್ಟ. ಹೆಲ್ಮೆಟ್ ತರಕಾರಿ ಚೀಲದಂತೆ ಮೊಣಕೈಯಲ್ಲಿ ನೇತಾಡುತ್ತಿದೆ. ಖಾಕಿ ಕಂಡ ಕೂಡಲೇ ಅದು ಮೊಣಕೈಯಿಂದ ತಲೆಗೆ ಏರುತ್ತದೆ, ಖಾಕಿ ಮರೆಯಾದೊಡನೆ ಇಳಿಯುತ್ತದೆ. ನಮ್ಮ ಕಡೆಯ ಹಳೆಯ ಪದ್ಧತಿ. ಪಾಪ, ಕ್ಯಾಮೆರಾಕ್ಕೆ ಖಾಕಿ ಬಟ್ಟೆ ಇರಲಿಲ್ಲ. ಇನ್ನೊಂದು ಫೋಟೋದಲ್ಲಿ ಮಾವ ಒಂದು ಕೈ ಬಿಟ್ಟು ಎದೆ ಮುಟ್ಟಿಕೊಂಡು ತಲೆ ಬಾಗಿಸಿದ್ದಾರೆ. ಸಿಗ್ನಲ್ಲಿನ ಪಕ್ಕದಲ್ಲೇ ಆಂಜನೇಯನ ಗುಡಿ.

"ಇವರು ದಿನಾ ಕ್ಯಾಮೆರಾಗೆ ನಮಸ್ಕಾರ ಮಾಡ್ತಾರೆ ಸರ್. ಇಲ್ಲಿ ಎಲ್ರಿಗೂ ಇವರ ಗುರುತಿದೆ" ಎಂದರು ಮೇಡಂ, ನಗು ತಡೆದುಕೊಂಡು.

ದಂಡದ ಮೆಸೇಜು ಹೋಗುತ್ತಿದ್ದದ್ದು ನನ್ನ ಹಳೆಯ ನಂಬರಿಗೆ, ಅದು ಈಗ ಮಾವನ ಫೋನಿನಲ್ಲಿದೆ. ಫೋನ್ ಮಾಡಿದೆ. "ಅದಾ? ಬ್ಯಾಂಕ್ನೋರು ಸಾಲ ಕೊಡ್ತೀವಿ ಅಂತ ಕಳಿಸ್ತಾವ್ರೆ ಅನ್ಕೊಂಡೆ. ಅಲ್ಲಾ ಅಳಿಯಂದ್ರೆ, ಅಲ್ಲಿ ಪೊಲೀಸ್ನೋರು ಯಾರೂ ಇರ್ಲಿಲ್ಲ ಕಣಪ್ಪಾ! ಇಂಗೆ ಕಾಣ್ದಂಗೆ ಫೋಟೋ ಇಡಿದ್ರೆ ಎಂಗೆ?" ಎಂದು ಅವರೇ ನನ್ನ ಮೇಲೆ ರೇಗಿದರು.

ಮೇಡಂ ಫೋಟೋಗಳನ್ನು ಸರಿಸುತ್ತಾ ಹೋದರು. ಅಲ್ಲೊಂದರಲ್ಲಿ ನನ್ನ ಮಗಳು ಸ್ಕೂಟರಿನಲ್ಲಿ ತಾತನ ಮುಂದೆ ನಿಂತಿದ್ದಳು, ಎರಡು ಜಡೆ, ಮುಂದಿನ ಹಲ್ಲು ಬಿದ್ದ ನಗು. ಇನ್ನೊಂದರಲ್ಲಿ ಮಳೆ, ತಲೆಯ ಮೇಲೆ ತಾತನ ಟವೆಲ್. ಮತ್ತೊಂದರಲ್ಲಿ ಹಿಂದೆ ಕೂತು ತಾತನ ಬೆನ್ನಿಗೊರಗಿ ನಿದ್ದೆ. ಆಮೇಲಿನದರಲ್ಲಿ ತಾತನ ಭುಜ ಮೀರಿ ಬೆಳೆದಿದ್ದಳು. ವಿಡಿಯೋ ಕಾಲ್‌ನಲ್ಲಿ "ಹಾಯ್ ಅಪ್ಪಾ" ಎಂದು ಓಡಿಹೋಗುವ ಹುಡುಗಿ. ಆ ಹಲ್ಲು ಬಿದ್ದದ್ದನ್ನು ನಾನು ನೋಡಿರಲೇ ಇಲ್ಲ. ನಾನಿಲ್ಲದ ವರ್ಷಗಳಲ್ಲಿ ಅವಳು ಬೆಳೆದದ್ದನ್ನು ಒಂದೂ ಬಿಡದೆ ನೋಡಿದ್ದು ಈ ಕಂಬ. ಭಯವೆಲ್ಲ ಎಲ್ಲಿ ಹೋಯಿತೋ, ನಾನು ಬೆರಗಾಗಿ ಬಾಯಿ ತೆರೆದು ಕೂತುಬಿಟ್ಟೆ. ಆದರೆ ಒಂದರಲ್ಲೂ ಅವಳ ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ.

ಅಲ್ಲೇ ಫೋನಿನಿಂದ ದಂಡವೆಲ್ಲ ಕಟ್ಟಿದೆ. "ಮುಗೀತು ಸರ್, ಆರಾಮಾಗಿ ಫ್ಲೈಟ್ ಹತ್ತಿ. ಮಗೂಗೊಂದು ಹೆಲ್ಮೆಟ್ ಕೊಡ್ಸಿ, ಅಷ್ಟೇ" ಎಂದರು ಮೇಡಂ. ನಾನು ಏಳಲಿಲ್ಲ. "ಮೇಡಂ, ಈ ಫೋಟೋಗಳು ನನಗೆ ಸಿಗಬಹುದಾ?" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. "ಎಲ್ರೂ ಅಳಿಸ್ಬಿಡಿ ಅಂತಾರೆ. ಬೇಕು ಅಂದೋರು ನೀವೊಬ್ರೇ ಸರ್" ಎಂದು, ಪರದೆಯ ಮೇಲಿನ ಒಂದೊಂದನ್ನೂ ನನ್ನ ಮೊಬೈಲಿನಲ್ಲಿ ಹಿಡಿದುಕೊಳ್ಳಲು ಬಿಟ್ಟರು. ಪೊಲೀಸ್ ಸ್ಟೇಷನ್ನಿನಿಂದ ಮದುವೆ ಮನೆಯಿಂದ ಹೊರಡುವವನಂತೆ ಕೈಮುಗಿದು ಹೊರಟೆ.

ಮಗಳಿಗೆ ಗುಲಾಬಿ ಬಣ್ಣದ ಹೆಲ್ಮೆಟ್ ಕೊಂಡೆ, ಹುಳಿಪುಡಿ ತಂದೆ. ಊಟ ಬಡಿಸುವಷ್ಟು ಹೊತ್ತೂ ಮಾವನಿಗೆ ತಲೆಯ ಮಹತ್ವ ಕುರಿತು ಭಾಷಣ ಬಿಗಿದೆ. ಇನ್ನು ಮೇಲೆ ಬರುವ ಪ್ರತಿಯೊಂದು ಮೆಸೇಜನ್ನೂ ಮೊಮ್ಮಗಳ ಹತ್ತಿರ ಓದಿಸಬೇಕೆಂದು ಮಾತು ತೆಗೆದುಕೊಂಡೆ. ಸಂಜೆ ಏರ್‌ಪೋರ್ಟಿನಲ್ಲಿ ಗಾಜಿನ ಗೂಡಿನ ಅಧಿಕಾರಿ ತಲೆ ಎತ್ತದೆ ಮುದ್ರೆ ಒತ್ತಿದರು. ದಂಡ ಕಟ್ಟಿ ಬಂದವನೆಂದು ಹೇಳಿಕೊಳ್ಳಲು ಸಿದ್ಧನಾಗಿದ್ದ ನನಗೆ ಸ್ವಲ್ಪ ಬೇಜಾರೇ ಆಯಿತು.

ಕೆಲವು ದಿನಗಳ ಮೇಲೆ ಮಸ್ಕತ್ತಿಗೆ ಮಾವನ ಫೋನ್ ಬಂತು. "ಅಳಿಯಂದ್ರೆ, ಹೊಸ್ದೊಂದು ಫೋಟೋ ಬಂದೈತೆ. ಮಗೀನ ಕೈಲಿ ಕಳಿಸ್ತಿವ್ನಿ, ನೋಡಿ."

ನೋಡಿದೆ. ಕೆಂಪಾಪುರದ ತಿರುವು. ಸ್ಕೂಟರಿನ ಮೇಲೆ ನಾನು. ಒಂದು ಕೈಯಲ್ಲಿ ಮೊಬೈಲ್, ಕಣ್ಣು ಅದರೊಳಗೆ, ಮುಖದ ತುಂಬ ನಗು. ಮೊಣಕೈಯಲ್ಲಿ ಗುಲಾಬಿ ಬಣ್ಣದ ಹೆಲ್ಮೆಟ್ ನೇತಾಡುತ್ತಿದೆ. ನನ್ನ ಹೆಲ್ಮೆಟ್ ಇನ್ನೂ ಮೇಡಂ ಅವರ ಬೆಂಚಿನ ಮೇಲೆಯೇ ಇರಬೇಕು.

ಫೋನನ್ನು ಮತ್ತೆ ಕಿವಿಗಿಟ್ಟೆ. ಅತ್ತ ಕಡೆಯಿಂದ ಮಾವ ಬಹಳ ಗಂಭೀರವಾಗಿ ಕೇಳಿದರು: "ಯಾಕಪ್ಪಾ, ಅಲ್ಲಿ ಪೊಲೀಸ್ನೋರು ಯಾರೂ ಇರ್ಲಿಲ್ವಾ?"