ಸೀತಾರಾಮಪ್ಪನವರ ಬರಿಗೈ

ಹಲಸಿನ ಹಣ್ಣನ್ನು ಬರಿಗೈಯಲ್ಲಿ ಬಿಡಿಸಿ, ಬೆರಳಿಗೆ ಒಂದೆಳೆ ಮೇಣವೂ ಅಂಟದಂತೆ ಎದ್ದು ಬರುವ ಗಂಡಸು ಇಡೀ ಸಾಗರ ತಾಲ್ಲೂಕಿನಲ್ಲಿ ಒಬ್ಬನೇ ಎಂಬುದು ಸೀತಾರಾಮಪ್ಪನವರ ಖಚಿತ ಅಭಿಪ್ರಾಯ. ಆ ಒಬ್ಬ ಯಾರೆಂದು ಬೇರೆ ಹೇಳಬೇಕಾಗಿಲ್ಲ. ಕೈಗೆ ಎಣ್ಣೆ ಸವರುವುದು, ಸೀಮೆಎಣ್ಣೆಯಲ್ಲಿ ಉಜ್ಜುವುದು ಎಲ್ಲ ಅವರ ಪ್ರಕಾರ ಹೇಡಿಗಳ ಕೆಲಸ. ಬಚ್ಚಲಿನ ಪಕ್ಕದ ಕೋಣೆಗೆ ಹಣ್ಣು ಹೊತ್ತೊಯ್ದು ಬಾಗಿಲು ಹಾಕಿಕೊಂಡರೆ (ವಿದ್ಯೆಗೆ ದೃಷ್ಟಿ ತಾಗಬಾರದಂತೆ), ಹೊರಬರುವಾಗ ಬೋಗುಣಿ ತುಂಬ ತೊಳೆ, ಕೈ ಮಾತ್ರ ಮಗುವಿನ ಕೆನ್ನೆಯಷ್ಟು ನುಣುಪು. ಹೆಂಡತಿ ಮಾಸ್ತಮ್ಮ ಹೆಮ್ಮೆಯಿಂದ ಬೀದಿಯಲ್ಲೆಲ್ಲ ಸಾರಿದ್ದರು.

ಕೀರ್ತಿ ಹೊಸನಗರದವರೆಗೂ ಹಬ್ಬಿ, ಮಗಳ ಮಾವ ರಾಮಚಂದ್ರಪ್ಪ ಆ ವಿದ್ಯೆಯನ್ನು ಕಣ್ಣಾರೆ ನೋಡಲೆಂದೇ ಭಾನುವಾರ ಬಂದಿಳಿದರು. ಅದೇ ಬೆಳಿಗ್ಗೆ ಮನೆಯ ಕೊಳಚೆ ನೀರು ಮುಷ್ಕರ ಹೂಡಿತು.

"ಕೇಳ್ತಾ, ಪಾತ್ರೆ ತೊಳೆದ ನೀರು ಸಿಂಕಲ್ಲೇ ನಿಂತದೆ" ಎಂದರು ಮಾಸ್ತಮ್ಮ.

"ಅನ್ನದ ಅಗಳು ಬಿಟ್ಟಿರ್ತೀಯ."

"ಬಚ್ಚಲಲ್ಲೂ ನಿಂತದೆ. ಅಲ್ಲೂ ಅನ್ನ ಬಸೀತೀನಾ ನಾನು? ಟಾಯ್ಲೆಟ್ಟು ಬೇರೆ ಗುಳುಗುಳು ಅಂತದೆ. ಬೀಗರ ಎದುರಿಗೆ ಎಂತ ಮರ್ಯಾದಿ ಇದು ಮಾರಾಯ್ರೆ, ಯಾರನ್ನಾದ್ರೂ ಕರೀರಿ."

ಕರೆಯುವುದೇ? ಈ ಮನೆಯ ಒಂದೊಂದು ಪೈಪನ್ನೂ ಎದುರಿಗೆ ನಿಂತು ಹಾಕಿಸಿದ್ದ ಸೀತಾರಾಮಪ್ಪನವರಿಗೆ ಅದು ಅವಮಾನ. ಪಂಚೆ ಎತ್ತಿಕಟ್ಟಿ, ಬೀಗರನ್ನು ಹಿತ್ತಿಲಿಗೆ ಕರೆದೊಯ್ದು ಪ್ರವಚನ ಶುರುಮಾಡಿದರು.

"ನೋಡಿ ಬೀಗ್ರೆ, ಒಂದು ಕಡೆ ನೀರು ನಿಂತ್ರೆ ಆ ಪೈಪಿನ ತಪ್ಪು. ಎಲ್ಲಾ ಕಡೆ ನಿಂತ್ರೆ, ಪೈಪುಗಳೆಲ್ಲ ಸೇರಿದ ಮೇಲೆ ಎಲ್ಲೋ ತಡೆ ಇದೆ ಅಂತ ಲೆಕ್ಕ." ಸೆಪ್ಟಿಕ್ ಗುಂಡಿಯ ಮುಚ್ಚಳ ಸರಿಸಿ, ಮೂಗು ಮುಚ್ಚಿಕೊಂಡು ಇಣುಕಿದರು. "ಗುಂಡಿ ತುಂಬಿಲ್ಲ. ಅಂದ್ಮೇಲೆ ಬ್ಲಾಕ್ ಇರೋದು ಗುಂಡಿಗೂ ಮನೆಗೂ ನಡುವಿನ ಈ ಚೇಂಬರಲ್ಲೇ. ಬೇರೆ ಕಡೆ ಇದ್ರೆ ನನ್ನ ಹೆಸ್ರು ಬದಲಾಯ್ಸಿ."

"ಇಂಜಿನಿಯರ್ರಿಗೂ ಇಷ್ಟು ಹೊಳೆಯೋದಿಲ್ಲ ಬಿಡಿ" ಎಂದರು ರಾಮಚಂದ್ರಪ್ಪ.

ಸೀತಾರಾಮಪ್ಪನವರ ಎದೆ ಉಬ್ಬಿತು. ಮರುಕ್ಷಣವೇ, ಆ ಚೇಂಬರಿಗೆ ತಾವು ಏನೇನು ಕಳಿಸಿದ್ದೇವೆಂಬುದು ನೆನಪಾಗಿ ಉಬ್ಬಿದ ಎದೆ ಇಳಿಯಿತು.

"ಅಥವಾ ಸಿಂಕಿಂದೇ ಇರಬಹುದು ಬೀಗ್ರೆ. ಕಾಫಿ ಕುಡಿದು ನೋಡಾಣ."

"ಅಲ್ಲ ಅಂತ ನೀವೇ ಹೇಳಿದ್ರಲ್ಲ" ಎಂದು ರಾಮಚಂದ್ರಪ್ಪ ಆಗಲೇ ಹಾರೆ ಕೊಟ್ಟು ಚೇಂಬರಿನ ಚಪ್ಪಡಿ ಎತ್ತಿಬಿಟ್ಟರು.

ನಿಂತ ನೀರಿನ ಮೇಲೆ ಮೊದಲು ಒಂದು ಬೆರಳು ಕಾಣಿಸಿತು. ಆಮೇಲೆ ಐದೂ. ಬಿಳಿಚಿಕೊಂಡ ಒಂದು ಹಸ್ತ ಅಂಗಾತ ತೇಲಿತು. ಹಿಂದೆಯೇ ಬಂದು ನಿಂತಿದ್ದ ಮಾಸ್ತಮ್ಮ ಗೋಡೆ ಹಿಡಿದುಕೊಂಡರು. ಬೀಗರು ಕೋಲು ಹಾಕಿ ಎಳೆದರೆ ಅದರ ಹಿಂದೆ ಮತ್ತೊಂದು, ಮಗದೊಂದು. ಹಲಸಿನ ಮೇಣದಲ್ಲಿ ಒಂದಕ್ಕೊಂದು ಬೆಸೆದುಕೊಂಡ ರಬ್ಬರ್ ಗ್ಲೌಸುಗಳ ಸಂಸಾರವೇ ಹೊರಬಂತು. ಕೊರೊನಾ ಕಾಲದಲ್ಲಿ ತಂದಿಟ್ಟಿದ್ದ ಅವನ್ನು ಸೀತಾರಾಮಪ್ಪನವರು ಮುಚ್ಚಿದ ಬಾಗಿಲ ಹಿಂದೆ ತೊಟ್ಟು, ಕೆಲಸ ಮುಗಿದ ಮೇಲೆ ಕಮೋಡಿಗೆ ಹಾಕಿ ನೀರು ಬಿಡುತ್ತಿದ್ದರು.

ಭೊರ್ರೆಂದು ನೀರು ಇಳಿಯಿತು. ಜೊತೆಗೆ ಮಾನವೂ ಇಳಿಯಿತು.

ಮಾಸ್ತಮ್ಮನ ಸಿಟ್ಟು ಮಾತ್ರ ಇಳಿಯಲಿಲ್ಲ. ನಾಳೆ ಬೀದಿಯಲ್ಲಿ ತಲೆ ಎತ್ತಿ ನಡೆಯಬೇಕಾದವರು ಅವರು. ಎಲ್ಲರೂ ಕೈಕಾಲು ತೊಳೆದು ಬರುವಷ್ಟರಲ್ಲಿ ಜಗುಲಿಯ ಮೇಲೆ ಗೋಣಿ ಹಾಸಿ, ಇದ್ದುದರಲ್ಲೇ ದೊಡ್ಡ ಹಲಸಿನ ಹಣ್ಣು ತಂದಿಟ್ಟರು.

"ಬೀಗ್ರು ನೋಡೋಕೆ ಅಂತ್ಲೇ ಬಂದಿದಾರೆ. ಬಿಡ್ಸಿ. ಬಾಗಿಲು ಹಾಕೋದು ಎಂತದೂ ಬೇಡ."

ಬಿಡಿಸಿದರು. ರಾಮಚಂದ್ರಪ್ಪ ಹೊಟ್ಟೆ ತುಂಬ ತಿಂದು, ಸಂಜೆ ಆಟೋ ಹತ್ತುವ ಮುನ್ನ ಕೈಮುಗಿದರು. ಅಭ್ಯಾಸಬಲದಿಂದ ಸೀತಾರಾಮಪ್ಪನವರೂ ಮುಗಿದರು. ಬೀಗರ ಕೈ ಬಿಟ್ಟುಕೊಂಡವು. ಇವರವು ಬಿಟ್ಟುಕೊಳ್ಳಲಿಲ್ಲ. ಆಟೋ ತಿರುವಿನಲ್ಲಿ ಮರೆಯಾದ ಮೇಲೂ ಗೇಟಿನ ಬಳಿ ಹಾಗೇ ಭಕ್ತಿಯಿಂದ ನಿಂತಿದ್ದರು.

ಮಾಸ್ತಮ್ಮನಿಗೆ ಅಯ್ಯೋ ಎನಿಸಿತು. ಕೊಬ್ಬರಿ ಎಣ್ಣೆ ಬಾಟಲಿ ಹಿಡಿದು ಹತ್ತಿರ ಬಂದರು.

"ನೀ ಎಂತ ಬೇಕಾದ್ರೂ ಹೇಳು" ಎಂದರು ಸೀತಾರಾಮಪ್ಪ, ಮುಗಿದ ಕೈಯಲ್ಲೇ ಕತ್ತೆತ್ತಿ. "ಬ್ಲಾಕ್ ಇದ್ದದ್ದು ಮಾತ್ರ ನಾನು ಹೇಳಿದ ಜಾಗದಲ್ಲೇ."

ಮಾಸ್ತಮ್ಮ ಬಾಟಲಿಯ ಮುಚ್ಚಳ ತಿರುಗಿಸಿ ಭದ್ರಮಾಡಿ, ಒಳಗೆ ಹೋದರು.